ಬಡಿಯಕ್ಕೆ ಬಂದೋಳ ಕೈಗೆ ಸೌಟು

ಬಾ, ಹತ್ರ ಕೂತ್ಕೊ. ನಿನ್ನ ಮಕ್ಳಾಣೆ, ಈ ಮಾತು ಈ ಹೊಸ್ಲು ದಾಟ್ಬಾರ್ದು. ನಿಂಗೊಬ್ಳಿಗೇ ಹೇಳ್ತಿರೋದು, ನಲ್ಲಿ ಹತ್ರ ಸಿಕ್ಕೋರ್ನ ಬಿಟ್ರೆ.

ನಮ್ಮ ಗೋಡೆ ಆಚೆ, ಹೊಳೆ ದಂಡೇಲಿ ಗರಡಿ ಅದಲ್ಲ, ಉಸ್ತಾದ್ ನಂಜನಾಯ್ಕರದ್ದು? ಕುಸ್ತಿ ಹೋಗಿ ಈಗ ಬಾಕ್ಸಿಂಗು. ಕೈಗೆ ದಿಂಬು ಕಟ್ಕೊಂಡು ದಿನಾ ಢಬಢಬ. ನನ್ನ ತಲೆ ಹೋಳಾಗೋಗದೆ.

ಅಲ್ಲಿ ದಾಕ್ಷಾಯಿಣಿ ಅಂತ ಒಬ್ಳು, ಬೀಡಾ ಅಂಗ್ಡಿ ಪರಶಿವಯ್ಯನ ಮಗ್ಳು. ಜಿಲ್ಲಾ ಪಂದ್ಯಕ್ಕೆ ಹೆಸ್ರು ಬಂದದೆ. ಆದ್ರೆ ಜೊತೇಲಿ ಆಡಿ ಕೈ ಪಳಗಿಸ್ಕೊಳಕ್ಕೆ ಅವಳ ತೂಕದ ಹುಡ್ಗಿ ಒಬ್ಳೇ. ಕೋಮಲ ಅಂತ, ಹೊಸಬ್ಳು. ಹೆಸ್ರಿಗೆ ತಕ್ಕಂಗೇ ಅವ್ಳೆ.

ಉಸ್ತಾದ್ ಹೇಳಿದ್ರು, "ಹಲ್ಲಿಗೆ ರಬ್ಬರು ಹಾಕ್ಕೊಳಿ. ತಲೆಗೆ ಟೋಪಿ ಕಟ್ಕೊಳಿ. ಭುಜ ಮುಟ್ಟಿ, ಹೊಟ್ಟೆ ಮುಟ್ಟಿ. ಒಬ್ಳು ಸಾಕು ಅಂದ್ರೆ ಇನ್ನೊಬ್ಳು ನಿಲ್ಸಿ."

"ಬರೀ ಮುಟ್ಟೋದಾ?" ಅಂದ್ಳು ದಾಕ್ಷಿ. "ಕುಂಟೆಬಿಲ್ಲೆ ಆಡಕ್ಕೆ ಬಂದಿಲ್ಲ ಉಸ್ತಾದ್. ನಂಗೆ ಬಡಿಯೋದು ಕಲ್ಸಿ."

"ಮುಟ್ಟಕ್ಕೇ ಬರ್ದೋಳ್ಗೆ ಬಡಿಯೋದಂತೆ!"

ಅವ್ರು ನೀರು ಕುಡಿಯಕ್ಕೆ ಆ ಕಡೆ ತಿರುಗಿದ್ದೇ ತಡ, ಬಿಟ್ಳು ನೋಡು ಒಂದು ಗುದ್ದು. ಕೋಮಲ "ಸಾಕು, ಸಾಕು" ಅಂತಿದ್ದಂಗೇ ಇನ್ನೊಂದು. ಮೂಗಲ್ಲಿ ರಕ್ತ. ತುಟಿ ಒಡ್ದು ಬದ್ನೇಕಾಯಿ ಆಯ್ತು.

"ಅವ್ಳು ಕೈ ಅಡ್ಡ ಇಡ್ಬೇಕಿತ್ತಪ್ಪ" ಅಂತ ದಾಕ್ಷಿ. ಹೆಂಗದೆ ಬಾಯಿ!

ಉಸ್ತಾದ್ ಹಣೆ ಚಚ್ಕೊಂಡ್ರು. "ಇರೋದೊಂದು ಜೊತೆ. ಅದುನ್ನೂ ಓಡುಸ್ದೆ. ಇನ್ನೇನು, ಗೋಡೆ ಜೊತೆ ಆಡ್ಕೊಂಡು ಪಂದ್ಯಕ್ಕೆ ಹೋಗು ತಾಯಿ."

ಗೋಡೆ ಅಂದ್ರೆ ನಮ್ದೇ ಗೋಡೆ, ನೋಡ್ಕೊ.

ಮಾರ್ನೇ ದಿನ ಕೋಮಲ ಬರ್ಲಿಲ್ಲ. ಅವಳಜ್ಜಿ ಬಂದು, "ನಮ್ಮ ಮಗು ಗುದ್ದು ತಿನ್ನಕ್ಕೆ ಹುಟ್ಟಿಲ್ಲ" ಅಂತ ಬಾಗ್ಲಲ್ಲಿ ನಿಂತು ಉಗ್ದು ಹೋದ್ಳು.

ದಾಕ್ಷಿ ಮುಖ ಇಷ್ಟೇ ಆಯ್ತು. "ಉಸ್ತಾದ್, ಅವ್ಳಿಲ್ದೆ ಪಂದ್ಯಕ್ಕೆ ಹೆಂಗೆ ಹೋಗ್ಲಿ? ಏನ್ ಮಾಡ್ಲಿ ಹೇಳಿ."

"ಭಾನುವಾರ ಗರಡಿ ಊಟ. ನೀನೇ ಬಡ್ಸು." ಕೈಗೆ ಸೌಟು ಕೊಟ್ರು.

"ನಾನು ಕೇಳಿದ್ದು ಬಡಿಯೋದು, ಬಡಿಸೋದಲ್ಲ!"

"ಒಂದಕ್ಷರ ತಾನೆ ಬ್ಯಾರೆ? ಕಲಿ."

ಭಾನುವಾರ ಉಸ್ತಾದೇ ಹೋಗಿ ಅಜ್ಜಿ ಕಾಲು ಹಿಡ್ದು, ಅಜ್ಜಿ ಮೊಮ್ಮಗ್ಳು ಇಬ್ರುನ್ನೂ ಕರ್ಕೊಂಡ್ ಬಂದ್ರು. ನಾನೂ ಹೋಗಿದ್ದೆ. ಕರೀಲಿಲ್ಲ ಅಂತ ಬಿಡಕ್ಕಾಯ್ತದಾ?

ದಾಕ್ಷಿ ಎಲ್ಲಾರ್ಗೂ ಒಂದೇ ಸಮ. ಮುದ್ದೆ ಧೊಪ್, ಕುದಿಯೋ ಸಾರು ಸುರ್. ಕೋಮಲನ ಒಡೆದ ತುಟಿಗೆ ಖಾರ ತಗ್ಲಿ ಕಣ್ಣಲ್ಲಿ ನೀರು. ಆದ್ರೂ ಹುಡ್ಗಿ ತಲೆ ಬಗ್ಗಿಸ್ಕೊಂಡು ನುಂಗ್ತಾನೇ ಅವ್ಳೆ. ದಾಕ್ಷಿ ಇನ್ನೊಂದು ಸೌಟು ಸಾರು ಬಗ್ಗಿಸ್ತಾವ್ಳೆ.

"ಎಲೆ ನೋಡಿದ್ದು ಸಾಕು" ಅಂದ್ರು ಉಸ್ತಾದ್. "ಮುಖ ನೋಡೇ!"

ನೋಡಿದ್ಲು. ಸೌಟು ಗಾಳೀಲೇ ನಿಂತೋಯ್ತು.

ಒಳಗೋಗಿ ಮೊಸ್ರಲ್ಲಿ ಅನ್ನ ಮೆತ್ಗೆ ಹಿಸುಕಿ ತಂದ್ಲು. ಒಂಚೂರು ಹಾಕಿದ್ಲು. "ಉರೀತದಾ?"

ಕೋಮಲ ತಲೆ ಅಲ್ಲಾಡಿಸಿದ್ಲು, ಇಲ್ಲ ಅಂತ. ಆಮೇಲೆ ಇನ್ನೊಂಚೂರು ಹಾಕಿದ್ಲು. ಮತ್ತೆ ಮುಖ ನೋಡಿದ್ಲು.

"ಈ ಮಾರಿಗೆ ಇದೂ ಬರ್ತದಾ!" ಅಂತ ಅಜ್ಜಿ ಗೊಣಗ್ತು.

ಸೋಮವಾರ ಕೋಮಲ ಬಂದ್ಲು. ಅಜ್ಜೀನೂ ಬಂದ್ಲು ಕಾವಲಿಗೆ, ಕೈಲಿ ಪೊರಕೆ.

ದಾಕ್ಷಿ ಕಣ್ಣು ಕೋಮಲನ ಮುಖ ಬಿಟ್ಟು ಅಲ್ಲಾಡ್ಲಿಲ್ಲ. ಭುಜ ಮುಟ್ಟಿದ್ಲು. ಹೊಟ್ಟೆ ಮುಟ್ಟಿದ್ಲು. ಆ ಹುಡ್ಗಿ ಕಣ್ಣು ಮುಚ್ಚಿದ್ರೆ ಸಾಕು, ನಿಲ್ಸವ್ಳು. ಹಂಗೇ ದಿನಾ. ಕೋಮಲಂಗೆ ಧೈರ್ಯ ಬಂತು, ಒಂದಿನ ಇವಳ ಮೂತಿಗೇ ಇಕ್ಕಿದ್ಲು ಒಂದು. ಅಜ್ಜಿ ಚಪ್ಪಾಳೆ!

ದಾಕ್ಷಿ ಕೈ ಮೇಲೆದ್ದು, ಅಲ್ಲೇ ನಿಂತ್ಕೊಂತು.

"ಉಸ್ತಾದ್," ಅಂದ್ಳು ಹಲ್ಲು ಕಚ್ಕೊಂಡು, "ಪಂದ್ಯ ಹತ್ರ ಬಂತು. ನಾನ್ಯಾವಾಗ ಜೋರಾಗಿ ಹೊಡೀಲಿ?"

ಅದಕ್ಕೆ ಉಸ್ತಾದು... ಅಯ್ಯೋ, ಚಿಲ್ಕ ಸದ್ದಾಯ್ತು! ದಾಕ್ಷಿನೇ ಕಣೆ, ಬಾಗ್ಲಲ್ಲಿ ನಿಂತವ್ಳೆ. ಕಿವಿ ತಾ, ಬೇಗ ಹೇಳ್ಬುಡ್ತೀನಿ. ಉಸ್ತಾದ್ ಅಂದ್ರು,

"ಅವ್ಳೇ ಇನ್ನೊಂಚೂರು ಹಾಕು ಅಂದಾಗ. ನಿಂಗೆ ಹಸಿವಾದ್ರೆ ಸಾಲ್ದು ಕಣವ್ವ. ಅವ್ಳಿಗೂ ಹಸಿವಾಗ್ಲಿ."