ಕೆಂಪಾಗದ ಪರದೆ

"ಗುರುಗಳೇ, ನಾನು ಹೇಳಿಕೊಡುತ್ತಿರುವುದು ಸರಿಯಾಗಿದೆಯಲ್ಲವೇ?" ಎಂದು ಚೆನ್ನವೀರ ಕೇಳಿದ.

ಅವನು ಬೇರೊಂದು ಆಶ್ರಮದಲ್ಲಿ ಪ್ರಾಣಾಯಾಮ ಕಲಿತು ಬಂದವನು. ಇಲ್ಲಿಗೆ ಬಂದುಹೋಗುವ ಜನರಿಗೆ ಅದನ್ನು ಹೇಳಿಕೊಡುವ ಕೆಲಸ ಅವನದಾಗಿತ್ತು. "ಅಲ್ಲಿನ ಗುರುಗಳು ಒಂದು ಉಸಿರು ತಪ್ಪಿದರೂ ಗದರುತ್ತಿದ್ದರು. ನೀವು ಇದುವರೆಗೆ ಏನೂ ಅನ್ನಲಿಲ್ಲ. ಹಾಗಾಗಿ ಸರಿಯಿದೆ ಎಂದುಕೊಂಡು ನಡೆಸಿಕೊಂಡು ಬಂದೆ" ಎಂದ.

ಇಲ್ಲಿನ ಗುರುಗಳು ಕೇಳಿದ್ದಕ್ಕೆ ಮಾತ್ರ ಉತ್ತರಿಸುವವರು. ಅವನು ಬಂದ ದಿನವೇ ಹಾಗೆಂದು ಹೇಳಿಯೂ ಇದ್ದರು. ಈಗ ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ನರ್ಸ್ ಇದ್ದಳು. ಬಹಳ ವರ್ಷ ಒಂದೇ ಆಸ್ಪತ್ರೆಯಲ್ಲಿ ದುಡಿದು, ಆಮೇಲೆ ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಸೇರಿದಳು. ಸೂಜಿ ಹಿಡಿದಾಗ ಅವಳ ಕೈ ಎಂದೂ ನಡುಗಿದ್ದಿಲ್ಲ. ಹೊಸ ಆಸ್ಪತ್ರೆಯ ಕಂಪ್ಯೂಟರ್ ಮುಂದೆ ನಡುಗಿತು.

ಹಳೆಯ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ರೋಗಿಯ ಹೆಸರು, ಮದ್ದಿನ ಹೆಸರು ಒತ್ತಿದರೆ ಸಾಕಾಗಿತ್ತು. ಆ ಮೈಗೆ ಆ ಮದ್ದು ಒಗ್ಗದಿದ್ದರೆ ಪರದೆ ಕೆಂಪಾಗಿ ಸಿಳ್ಳೆ ಹಾಕುತ್ತಿತ್ತು. ಹೊಸ ಆಸ್ಪತ್ರೆಯಲ್ಲಿ ಒಗ್ಗದ ಮದ್ದುಗಳಿಗೆ ಬೇರೆಯೇ ಪುಟ. ಅದನ್ನು ತಾನಾಗಿ ತೆರೆದು ನೋಡಬೇಕು. ಮೊದಲ ದಿನ ಮುಖ್ಯ ನರ್ಸ್ ಎಲ್ಲವನ್ನೂ ಒಂದೇ ಉಸಿರಿಗೆ ತೋರಿಸಿ, "ಗೊತ್ತಾಗದಿದ್ದರೆ ಕೇಳಿ, ಸಂಕೋಚ ಬೇಡ" ಎಂದಿದ್ದಳು. ಇವಳು ತಲೆಯಾಡಿಸಿದಳು. ಅರ್ಧದಷ್ಟು ತಲೆಗೆ ಹೋಗಿರಲಿಲ್ಲ, ಆ ಪುಟದ ಮಾತೂ. ಅಕ್ಕಪಕ್ಕದಲ್ಲಿ ಕಿರಿಯ ಹುಡುಗಿಯರ ಬೆರಳು ಪಟಪಟನೆ ಓಡುತ್ತಿತ್ತು. ಅವರ ಮುಂದೆ ಬಾಯಿಬಿಟ್ಟು ಕೇಳಲು ಇಷ್ಟು ವರ್ಷದ ಅನುಭವ ಬಿಡಲಿಲ್ಲ.

ಮೊದಮೊದಲು ಪ್ರತಿ ಸಲ ಗುಂಡಿ ಒತ್ತುವಾಗಲೂ ಎದೆ ಡವಡವ ಎನ್ನುತ್ತಿತ್ತು. ಈಗ ಕೂಗುತ್ತದೆ, ಈಗ ಕೆಂಪಾಗುತ್ತದೆ ಎಂದು ಕಾಯುತ್ತಿದ್ದಳು. ಪರದೆ ಸುಮ್ಮನಿರುತ್ತಿತ್ತು. ಮರುದಿನವೂ ಸುಮ್ಮನಿತ್ತು. ದಿನ ಕಳೆದಂತೆ ಭಯ ಹೋಯಿತು. ಈ ಕಂಪ್ಯೂಟರ್ ತನಗೆ ಒಲಿಯಿತು ಎಂದುಕೊಂಡಳು. ಭಯ ಹೋದದ್ದು ಒಳ್ಳೆಯದೇ. ಹೋಗುವ ಮೊದಲು ಅದು ಅವಳಿಂದ ಒಂದು ಪ್ರಶ್ನೆಯನ್ನಾದರೂ ಕೇಳಿಸಿ ಹೋಗಬೇಕಿತ್ತು.

ಕಾಲಿನ ಗಾಯ ಕೀವುಗಟ್ಟಿದ ಒಬ್ಬ ಲಾರಿ ಚಾಲಕ ಬಂದು ಸೇರಿದ. ವೈದ್ಯರು ಚುಚ್ಚುಮದ್ದು ಬರೆದರು. ಇವಳು ಹೆಸರುಗಳನ್ನು ಒತ್ತಿದಳು. ಪರದೆ ಸುಮ್ಮನಿತ್ತು. ಸೂಜಿ ಹಿಡಿದು ಹಾಸಿಗೆಯ ಬಳಿ ಹೋದಳು. ಚಾಲಕ ಏನೋ ಹೇಳಲು ಬಾಯಿ ತೆರೆದ. ಪಕ್ಕದಲ್ಲಿ ಕೂತಿದ್ದ ಹೆಂಡತಿ, "ಅವರು ಕಂಪ್ಯೂಟರ್ ನೋಡೇ ಕೊಡ್ತಾರ, ನೀವು ಸುಮ್ನಿರ್ರಿ" ಎಂದಳು. ಅವನು ಸುಮ್ಮನಾಗಿ ತೋಳು ಚಾಚಿದ.

ಇವಳು ಮುಂದಿನ ಹಾಸಿಗೆಯ ಕಡೆ ತಿರುಗಿದ್ದಳಷ್ಟೇ, ಹಿಂದಿನಿಂದ ನೀರಿನ ಲೋಟ ಉರುಳಿದ ಸದ್ದಾಯಿತು. ಚಾಲಕ ಎರಡೂ ಕೈಯಿಂದ ಕುತ್ತಿಗೆ ಹಿಡಿದುಕೊಂಡಿದ್ದ. ತುಟಿ ಊದಿತ್ತು, ಮುಖ ಕೆಂಪಾಗಿತ್ತು, ಗಂಟಲಿನಿಂದ ಸಿಳ್ಳೆಯಂತೆ ಉಸಿರು ಬರುತ್ತಿತ್ತು. ಹಳೆಯ ಪರದೆ ಮಾಡುತ್ತಿದ್ದುದನ್ನು ಈಗ ಅವನ ಮೈ ಮಾಡುತ್ತಿತ್ತು.

ಇವಳು ಕೂಗಿದಳು. ವೈದ್ಯರು ಓಡಿ ಬಂದು ಬೇರೆ ಮದ್ದು ಚುಚ್ಚಿದರು. ಇವಳು ಅವನ ಮುಖಕ್ಕೆ ಆಮ್ಲಜನಕದ ಮುಖವಾಡ ಒತ್ತಿ ಹಿಡಿದು ನಿಂತಳು. ಸಿಳ್ಳೆ ಸಣ್ಣದಾಯಿತು. ಆಮೇಲೆ ನಿಂತೇ ಹೋಯಿತು. ಉಸಿರು ಸರಾಗವಾಗಿ ಸಿಳ್ಳೆ ನಿಂತಿತೋ, ಉಸಿರೇ ನಿಂತಿತೋ ತಿಳಿಯದೆ ಇವಳು ಬಾಗಿ ನೋಡಿದಳು. ಅಷ್ಟರಲ್ಲಿ ಅವನ ಎದೆ ಮೇಲೆದ್ದು ಇಳಿಯಿತು. ಹೆಂಡತಿ ಹಾಸಿಗೆಯ ಕಾಲು ಹಿಡಿದು ನೆಲಕ್ಕೆ ಕುಸಿದಳು.

ಮುಖ್ಯ ನರ್ಸ್ ಇವಳನ್ನು ಕಂಪ್ಯೂಟರ್ ಮುಂದೆ ಕರೆದೊಯ್ದು, ಒಂದು ಗುಂಡಿ ಒತ್ತಿ ಆ ಪುಟ ತೆರೆದಳು. ಚಾಲಕನ ಹೆಸರಿನ ಕೆಳಗೆ ಆ ಮದ್ದಿನ ಹೆಸರು ಅಲ್ಲೇ ಇತ್ತು.

"ಇದನ್ನ ಯಾಕೆ ನೋಡಲಿಲ್ಲ?"

"ಕಂಪ್ಯೂಟರ್ ಏನೂ ಅನ್ನಲಿಲ್ಲ, ಸಿಸ್ಟರ್."

"ನೀವು ಕೇಳಿದ್ರಾ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹೇಗೋ ಆ ಚಾಲಕ ಬದುಕಿದನಲ್ಲ, ಗುರುಗಳೇ" ಎಂದ ಚೆನ್ನವೀರ.

"ಬದುಕಿದ. ಆದರೂ ಅವಳು ಕಂಪ್ಯೂಟರ್ ಮುಂದೆ ಕೂತು ಅತ್ತಳು, ಅವನಿಗಾಗಿ ಅಲ್ಲ. ಅವನಿಗಿಂತ ಮೊದಲು ಅವಳ ಕೈಯಿಂದ ಸೂಜಿ ಚುಚ್ಚಿಸಿಕೊಂಡು ಮನೆಗೆ ಹೋದವರ ಮುಖಗಳನ್ನು ನೆನಪಿಸಿಕೊಳ್ಳುತ್ತಿದ್ದಳು."

"ಹಾಗಾದರೆ ನಾನು ಹೇಳಿಕೊಡುತ್ತಿರುವುದು ತಪ್ಪೇ?"

ಗುರುಗಳು ಅವನನ್ನೇ ನೋಡುತ್ತಾ ಕೇಳಿದರು: "ನಿನ್ನ ಬಳಿ ಕಲಿತು ಆಗಲೇ ಊರಿಗೆ ಹೋದವರು ಎಷ್ಟು ಮಂದಿ?"