ಮಿನುಗುವ ದೀಪದ ತಂತಿ

"ಗುರುಗಳೇ, ಚೆನ್ನವೀರನನ್ನು ಪಾಠದಿಂದ ದೂರ ಇಡಬಾರದೇ?" ಎಂದು ನಿರ್ವಾಣಪ್ಪ ಕೇಳಿದ. ಅವನೂ ಚೆನ್ನವೀರನೂ ಒಂದೇ ವರ್ಷ ಮಠಕ್ಕೆ ಸೇರಿದ ಶಿಷ್ಯರು. "ನಾವೆಲ್ಲ ಸುಮ್ಮನೆ ಕೂತು ಕೇಳುತ್ತೇವೆ. ಅವನೊಬ್ಬ ಮಾತುಮಾತಿಗೂ ಅದೇಕೆ, ಇದು ಹೇಗೆ ಎನ್ನುತ್ತಾನೆ. ಅವನ ಮನಸ್ಸಿಗೆ ನೆಲೆಯೇ ಇಲ್ಲ."

ಗುರುಗಳು ಅವನನ್ನು ಕೂರಿಸಿಕೊಂಡು ಹೇಳಿದರು:

ಒಂದು ಊರಿನ ಹೆರಿಗೆ ಆಸ್ಪತ್ರೆಗೆ ಹೊಸ ಮೇಲ್ವಿಚಾರಕನೊಬ್ಬ ಬಂದ. ನೀರು, ಕರೆಂಟು, ಯಂತ್ರಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಅಚ್ಚುಕಟ್ಟಿನ ಮನುಷ್ಯ. ಕೆಟ್ಟದ್ದನ್ನು ಬೇರೆಯವರು ತೋರಿಸುವ ಮೊದಲೇ ತಾನು ಸರಿಮಾಡಬೇಕು ಎಂಬುದು ಅವನ ಹಟ.

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನೆಟ್‌ವರ್ಕ್ ಸ್ವಿಚ್ ಇತ್ತು. ಆಸ್ಪತ್ರೆಯ ಯಂತ್ರಗಳ ತಂತಿಗಳೆಲ್ಲ ಆ ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ಒಂದು ಯಂತ್ರದ ಸುದ್ದಿ ಇನ್ನೊಂದಕ್ಕೆ ಹೋಗುವುದು ಅದರ ಮೂಲಕವೇ. ಪ್ರತಿ ತಂತಿಗೂ ಒಂದು ಪುಟ್ಟ ಹಸಿರು ದೀಪ. ಮೇಲ್ವಿಚಾರಕ ನೋಡಿದಾಗ ಬಹುಪಾಲು ದೀಪಗಳು ಅಲುಗದೆ ಉರಿಯುತ್ತಿದ್ದವು. ಎರಡು ಮಾತ್ರ ಪಟಪಟನೆ ಮಿನುಗುತ್ತಿದ್ದವು. ಟ್ಯೂಬ್‌ಲೈಟು ಕೆಡುವ ಮುನ್ನ ಹೀಗೇ ಮಿನುಗುವುದನ್ನು ಅವನು ಕಂಡಿದ್ದ. ಯಾರನ್ನೂ ಕೇಳದೆ ಅವೆರಡರಲ್ಲಿ ಒಂದರ ತಂತಿಯನ್ನು ಕಿತ್ತ. ಅದರ ದೀಪ ಆರಿತು, ಇನ್ನೊಂದರ ಮಿನುಗೂ ನಿಂತಿತು. ದೋಷ ಇದರಲ್ಲೇ ಇತ್ತು ಎಂದು ಖಾತ್ರಿಯಾಗಿ ಅವನು ಊಟಕ್ಕೆ ಹೋದ.

ಆ ತಂತಿ ಬಂದದ್ದು, ಅವಧಿಗೆ ಮೊದಲೇ ಹುಟ್ಟಿದ ಕೂಸೊಂದರ ಎದೆಬಡಿತ ಎಣಿಸುವ ಯಂತ್ರದಿಂದ. ಬಡಿತದ ಅಂಕಿ, ಮಿನುಗುತ್ತಿದ್ದ ಇನ್ನೊಂದು ತಂತಿಯ ಮೂಲಕ, ಬೇರೆ ಕೋಣೆಯಲ್ಲಿದ್ದ ದಾದಿಯ ಪರದೆಗೆ ಹೋಗುತ್ತಿತ್ತು. ಈಗ ಪರದೆಯಲ್ಲಿ ಕೊನೆಯ ಅಂಕಿ ಹಾಗೇ ಉಳಿಯಿತು. ದಾದಿ ಅದನ್ನು ನೋಡಿ, ಕೂಸು ಚೆನ್ನಾಗಿದೆ ಎಂದುಕೊಂಡು ಇನ್ನೊಬ್ಬ ಬಾಣಂತಿಯ ಆರೈಕೆಗೆ ಹೋದಳು. ಬಂದು ನೋಡಿದರೆ ಅದೇ ಅಂಕಿ. ಬದುಕಿರುವ ಕೂಸಿನ ಬಡಿತ ಹೀಗೆ ಒಂದೇ ಕಡೆ ನಿಲ್ಲುವುದಿಲ್ಲ ಎಂದು ಹೊಳೆದದ್ದೇ ಓಡಿದಳು. ಹಾಲು ನೆತ್ತಿಗೇರಿ ಕೂಸಿನ ತುಟಿ ನೀಲಿಯಾಗಿತ್ತು. ಬೋರಲು ಹಿಡಿದು ಬೆನ್ನು ತಟ್ಟಿದಳು. ತುಸು ಹೊತ್ತಿಗೆ ಅದು ಅತ್ತಿತು.

ಸ್ವಿಚ್ ಅಳವಡಿಸಿದ್ದ ಮೆಕ್ಯಾನಿಕ್‌ನನ್ನು ಕರೆಸಿದರು. "ಈ ತಂತಿ ಯಾಕೆ ಕಿತ್ತಿರಿ, ಸಾರ್?" ಎಂದು ಅವನು ಮೇಲ್ವಿಚಾರಕನನ್ನು ಕೇಳಿದ.

"ಅದರ ದೀಪ ಒಂದು ಕಡೆ ನಿಲ್ಲುತ್ತಿರಲಿಲ್ಲ."

"ನಿಂತ ದೀಪ ತಂತಿ ಕೂಡಿದೆ ಎಂದಷ್ಟೇ ಹೇಳುತ್ತದೆ. ಮಿನುಗಿದರೆ ಅದರಲ್ಲಿ ಸುದ್ದಿ ಹೋಗಿಬರುತ್ತಿದೆ ಎಂದು ಅರ್ಥ."

ಮೇಲ್ವಿಚಾರಕ ತಾನೇ ತಂತಿಯನ್ನು ಮತ್ತೆ ಸಿಕ್ಕಿಸಿದ. ಆಮೇಲೆ ಮೇಲೆ ಹೋಗಿ ಕೂಸಿನ ತಾಯಿಗೆ ನಡೆದದ್ದನ್ನು ಮುಚ್ಚಿಡದೆ ಹೇಳಿದ. ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಕತೆ ಅಲ್ಲಿಗೆ ಮುಗಿಯಿತು. ನಿರ್ವಾಣಪ್ಪ ಕೈಮುಗಿದು ಏಳುವಷ್ಟರಲ್ಲಿ ಗುರುಗಳು, "ನೀನು ಈ ಮಠಕ್ಕೆ ಬಂದ ಮೇಲೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು" ಎಂದರು.