ಹನ್ನೆರಡು ಅಡಿ ಆಳದ ಚಮಚ

ನೆಟ್ಟಗೆ ಕೂತು ಕೇಳಿ. ನಡುವೆ ಮಾತಾಡಬಾರದು, ನಗು ಬಂದರೆ ಮಾತ್ರ ನಗಬಹುದು.

ಒಂದು ಸಕ್ಕರೆ ಕಾರ್ಖಾನೆ. ಆ ಕಾರ್ಖಾನೆಗೊಂದು ಕ್ಲಬ್ಬು, ಕ್ಲಬ್ಬಿಗೊಂದು ಈಜುಕೊಳ, ಕೊಳ ನೋಡಿಕೊಳ್ಳಲೊಬ್ಬಳು ಕೆಂಪಾಜಮ್ಮ. ಕೆಂಪಾಜಮ್ಮನಿಗೆ ಒಬ್ಬನೇ ಮಗ, ಚಿಕ್ಕೀರ. ಆಳು ಆರಡಿ, ಮೀನಿನ ಹಾಗೆ ಈಜುತ್ತಿದ್ದ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೂ ಒಂದು ಕೆಲಸ ತಡವಾಗಿ!

ಕೊಳದ ಮಗ್ಗುಲಿಗೆ ಮೋಟಾರು ಮನೆ. ಅದರೊಳಗೆ ಹಸಿರು ಬಣ್ಣದ ಹಳೇ ಮೋಟಾರು. ಕೊಳದ ನೀರನ್ನು ಎಳೆದು, ಮರಳು ತುಂಬಿದ ದೊಡ್ಡ ಡ್ರಮ್ಮಿನಲ್ಲಿ ಸೋಸಿ, ತಿಳಿನೀರನ್ನು ಮತ್ತೆ ಕೊಳಕ್ಕೆ ಬಿಡುವುದು ಅದರ ಕೆಲಸ. ಕೆಂಪಾಜಮ್ಮನ ಗಂಡ ಬೋರಯ್ಯ ತನ್ನ ಕೈಯಾರೆ ಕೂರಿಸಿದ್ದು. ಅವನು ಹೋಗಿ ಒಂಬತ್ತು ವರ್ಷ. ಮೋಟಾರನ್ನು ಅವಳು ದಿನಾ ಒರೆಸುತ್ತಿದ್ದಳು, ಮಂಗಳವಾರ ಕುಂಕುಮ ಇಡುತ್ತಿದ್ದಳು.

ಒಂದು ಸೋಮವಾರ ಮೋಟಾರು ಗರಗರ ಅಂದಿತು, ಬುಸ್ ಅಂದಿತು, ನಿಂತಿತು. ಮರುಗಳಿಗೆಗೆ ಕ್ಲಬ್ಬಿನ ಸೆಕ್ರೆಟರಿ ವಾಸುದೇವಮೂರ್ತಿಗಳು ಹಾಜರು.

"ಕೆಂಪಾಜಮ್ಮ, ಇದು ಗುಜರಿಗೆ ಹೋಗಲಿ. ಹೊಸಾದು ತರಿಸೋಣ. ತಾನೇ ಓಡುತ್ತೆ, ತಾನೇ ನಿಲ್ಲುತ್ತೆ. ನೋಡ್ಕೊಳ್ಳೋಕೆ ಜನವೂ ಬೇಡ!"

ಜನ ಅಂದರೆ ಯಾರು? ಕೆಂಪಾಜಮ್ಮನೇ! ಅವಳು ಸೆರಗು ಬಿಗಿದಳು.

"ಸ್ವಾಮಿ, ಬೇರಿಂಗ್ ಸವೆದದೆ. ಮೈಯೆಲ್ಲ ಕಬ್ಬಿಣ, ಗಟ್ಟಿಯಾಗೇ ಅದೆ. ರಿಪೇರಿ ಮಾಡಿಸ್ತೀನಿ."

"ಭಾನುವಾರದವರೆಗೆ ಟೈಮು. ಅಧ್ಯಕ್ಷೆಯವರು ಬರ್ತಾರೆ. ಹನ್ನೆರಡು ಅಡಿ ಆಳದ ಕಡೆ ಒಂದು ಚಮಚ ಎಸೀತೀನಿ. ದಡದಲ್ಲಿ ನಿಂತವರಿಗೆ ಆ ಚಮಚ ಕಂಡರೆ ರಿಪೇರಿ. ಕಾಣದಿದ್ದರೆ ಗುಜರಿ!"

"ಚಮಚ ಏನು, ಸೂಜಿ ಎಸೀರಿ!" ಅಂದಳು ಕೆಂಪಾಜಮ್ಮ.

ಮೆಕ್ಯಾನಿಕ್ ಮದಾರ್ ಸಾಬರು ಬಂದು ಮೋಟಾರು ಬಿಚ್ಚಿ ನೋಡಿದರು. "ಬೇರಿಂಗ್ ತಂದಿಡಿ, ಡ್ರಮ್ಮಿನ ಮರಳು ಬದಲಾಯಿಸಿ. ಶುಕ್ರವಾರ ಬಂದು ಕೂರಿಸ್ತೀನಿ" ಅಂದು ಹೋದರು.

"ಚಿಕ್ಕೀರ, ಪೇಟೆಗೆ ಹೋಗಿ ಬೇರಿಂಗ್ ತತ್ತಾ."

ಹೋದ. ಕೊಂಡ. ದುಂಡಗಿದೆಯಲ್ಲ! ಕಡ್ಡಿ ತಗೊಂಡು ಪೇಟೆಯಿಂದ ಕ್ಲಬ್ಬಿನವರೆಗೂ ಬೀದಿಯಲ್ಲಿ ಉರುಳಿಸಿಕೊಂಡೇ ಬಂದ. ಬೇರಿಂಗ್ ತುಂಬ ಧೂಳು, ಸಗಣಿ.

"ಅಯ್ಯೋ ಪೆದ್ದುಮುಂಡೇದೇ! ಅಂಥದ್ದನ್ನ ಎಣ್ಣೇಲಿ ಅದ್ದಿ, ಬಟ್ಟೇಲಿ ಸುತ್ತಿ, ಕೂಸಿನಂಗೆ ಎತ್ಕೊಂಡು ಬರ್ಬೇಕು!"

"ಆಗಲವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಬೇರಿಂಗನ್ನು ತಾನೇ ಶುಚಿ ಮಾಡಿಟ್ಟು, ಮಂಗಳವಾರ ಮರಳು ತರಲು ಕಳಿಸಿದಳು. ಹೋದ. ತುಂಬಿದ. ಅವ್ವ ಹೇಳಿದ್ದು ನೆನಪಾಯಿತು. ಒಂದು ಡಬ್ಬ ಎಣ್ಣೆ ಸುರಿದು ಕಲಸಿದ, ಹಳೇ ಪಂಚೆಯಲ್ಲಿ ಸುತ್ತಿದ, ಜೋಜೋ ಅನ್ನುತ್ತ ಎತ್ತಿಕೊಂಡು ಬಂದ.

"ಅಯ್ಯೋ ಪೆದ್ದುಮುಂಡೇದೇ! ನೀರಲ್ಲಿ ತೊಳೀಬೇಕು ಕಣೋ! ಒಂದು ಸಲ ಅಲ್ಲ, ಏಳು ಸಲ! ನೀರು ತಿಳಿಯಾಗೋವರೆಗೂ ತೊಳೀಬೇಕು!"

"ಆಗಲವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಬೇರೆ ಮರಳನ್ನು ಕೆಂಪಾಜಮ್ಮ ತಾನೇ ತಂದಳು, ತಾನೇ ತೊಳೆದಳು, ತಾನೇ ತುಂಬಿದಳು. ಗುರುವಾರ ಮಗನನ್ನು ಕೊಳಕ್ಕೆ ಹಾಕುವ ಬ್ಲೀಚಿಂಗ್ ಪುಡಿ ತರಲು ಕಳಿಸಿದಳು. ಹೋದ. ಕೊಂಡ. ದಾರಿಯಲ್ಲಿ ನಾಲೆ ಕಂಡಿತು. ಕುಕ್ಕರಗಾಲಲ್ಲಿ ಕೂತು, ಪುಡಿಯನ್ನು ಬುಟ್ಟಿಗೆ ಸುರಿದು, ಒಂದು ಸಲ ತೊಳೆದ, ಎರಡು ಸಲ ತೊಳೆದ, ಏಳು ಸಲ ತೊಳೆದ. ನೀರು ತಿಳಿಯಾಯಿತು. ಬುಟ್ಟಿ ಖಾಲಿಯಾಯಿತು!

"ಅಯ್ಯೋ ಪೆದ್ದುಮುಂಡೇದೇ! ಅಂಥದ್ದನ್ನ ಒಳಗೆ ಹಾಕಿ, ಭದ್ರವಾಗಿ ಮುಚ್ಚಿ, ಮೇಲೆ ಭಾರ ಹೇರಿ ಇಡ್ಬೇಕು! ಒಂಚೂರು ಗಾಳಿ ಆಡಿದ್ರೂ ಸತ್ವ ಹೋಯ್ತದೆ!"

"ಆಗಲವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಶುಕ್ರವಾರ ಬೆಳಿಗ್ಗೆ ಅವಳು ತಾನೇ ಪುಡಿ ತರಲು ಹೊರಟಳು. "ಮದಾರ್ ಸಾಬ್ರು ಬಂದ್ರೆ ಮೋಟಾರು ಮನೇಲಿ ಕೂರಿಸು" ಅಂದಳು.

ಸಾಬರು ಬಂದರು. ಚಿಕ್ಕೀರ ಒಳಗೆ ಕೂರಿಸಿದ. ಬಾಗಿಲು ಹಾಕಿ ಚಿಲಕ ಜಡಿದ. ಕಿಟಕಿ ಮುಚ್ಚಿದ. ಸಂದಿಗೆ ಗೋಣಿಚೀಲ ತುರುಕಿದ. ಬಾಗಿಲಿಗೆ ಬೆನ್ನು ಕೊಟ್ಟು ತಾನೇ ಭಾರವಾಗಿ ಕೂತ.

"ಬಾಗಿಲು ತೆಗಿಯೋ! ಬೀಡಿ ಸೇದ್ಬೇಕು!"

"ಆಗಲ್ಲ ಸಾಬ್ರೇ! ಗಾಳಿ ಆಡಿದ್ರೆ ನಿಮ್ಮ ಸತ್ವ ಹೋಯ್ತದೆ!"

"ಟೀ ಆದ್ರೂ ಕುಡಿದು ಬರ್ತೀನಿ ಕಣೋ!"

"ಸತ್ವ ಸಾಬ್ರೇ, ಸತ್ವ!"

ಸಾಬರು ಏನು ಮಾಡುತ್ತಾರೆ? ಬೀಡಿಯಿಲ್ಲ, ಟೀಯಿಲ್ಲ, ಹರಟೆಗೆ ಜನವಿಲ್ಲ. ಎರಡು ದಿನದ ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು! ಕೆಂಪಾಜಮ್ಮ ಬಂದು ಚಿಲಕ ತೆಗೆದಾಗ ಅವರು ಬೆವರಲ್ಲಿ ತೊಯ್ದು ಹೊರಬಂದರು. "ನಿನ್ನ ಮಗನಿಗೆ ದೊಡ್ಡ ನಮಸ್ಕಾರ ತಾಯಿ" ಅಂದವರು ಕೂಲಿಯನ್ನೂ ಕೇಳದೆ ಓಡಿದರು.

ಅವಳು ಗುಂಡಿ ಒತ್ತಿದಳು. ಹಸಿರು ಮೋಟಾರು ಗುಂಯ್ ಅಂದಿತು. ಬೋರಯ್ಯನ ಕಾಲದಲ್ಲಿ ಹೇಗಿತ್ತೋ ಹಾಗೇ, ಒಂದೇ ಶ್ರುತಿ! ಕೆಂಪಾಜಮ್ಮನ ಕಣ್ಣು ತುಂಬಿತು. ಆದರೂ ಬೈಯುವುದನ್ನು ಬಿಡಲಿಲ್ಲ.

"ಅಯ್ಯೋ ಪೆದ್ದುಮುಂಡೇದೇ! ಇನ್ನು ನೀನು ಯಾವುದಕ್ಕೂ ಕೈ ಹಾಕ್ಬೇಡ. ಕೊಳ ಕಾಯ್ತಾ ಕೂತ್ಕೊ. ತಳದಲ್ಲಿ ಏನು ಕಂಡರೂ ತೆಗೆದುಬಿಡು, ಅಷ್ಟೇ!"

"ಆಗಲವ್ವ."

ಎರಡು ದಿನ ಮೋಟಾರು ನಿಲ್ಲಲಿಲ್ಲ. ಭಾನುವಾರ ಹತ್ತು ಗಂಟೆಗೆ ಸೆಕ್ರೆಟರಿಗಳು ವರಾಂಡದಲ್ಲಿ ಕಾಫಿ ಕಲಕಿದರು, ಆ ಚಮಚವನ್ನೇ ಕೊಳದ ಆಳಕ್ಕೆ ಎಸೆದರು, ಅಧ್ಯಕ್ಷೆ ಸುಲೋಚನಾದೇವಿಯವರನ್ನು ಕಾರಿನಿಂದ ಇಳಿಸಿಕೊಳ್ಳಲು ಹೋದರು. ಮೋಟಾರಿನ ಪಕ್ಕ ನಿಂತಿದ್ದ ಕೆಂಪಾಜಮ್ಮನಿಗೆ ಹೊರಗೆ ಧುಡುಂ ಎಂಬ ಸದ್ದು ಕೇಳಿಸಿತು. ಯಾವುದೋ ತೆಂಗಿನಕಾಯಿ ಬಿತ್ತು ಅಂದುಕೊಂಡಳು.

ಹೊರಗೆ ಬಂದರೆ ದಡದ ಮೇಲೆ ಸೆಕ್ರೆಟರಿ ಬಗ್ಗಿದ್ದಾರೆ, ಅಧ್ಯಕ್ಷೆ ಕನ್ನಡಕ ಏರಿಸಿದ್ದಾರೆ.

"ಚಮಚ ಎಲ್ಲಿ?"

"ಕಾಣಿಸ್ತಿಲ್ಲ ಮೇಡಂ! ನಾನು ಹೇಳಲಿಲ್ವೇ? ಗುಜರಿ!"

ಕೆಂಪಾಜಮ್ಮ ಓಡಿ ಬಂದು ಬಗ್ಗಿ ನೋಡಿದಳು. ಇಲ್ಲ! ತಿರುಗಿದರೆ, ಮೈಯಿಂದ ನೀರು ಸುರಿಸಿಕೊಂಡು ಚಿಕ್ಕೀರ ನಿಂತಿದ್ದಾನೆ, ಜೇಬಿನಿಂದ ಚಮಚದ ಹಿಡಿ ಹೊರಗೆ ಇಣುಕುತ್ತಿದೆ.

"ತಳದಲ್ಲಿ ಬಿದ್ದಿತ್ತು ಕಣವ್ವ. ತೆಗೆದುಬಿಟ್ಟೆ."

"ಲೋ! ನೀನು ಎಲ್ಲಿದ್ದೆ?" ಅಂದರು ಅಧ್ಯಕ್ಷೆ.

"ಅಗೋ, ಆ ಡೈವಿಂಗ್ ಹಲಗೆ ಮೇಲೆ."

"ಅಷ್ಟು ಎತ್ತರದಿಂದ ಕಾಣಿಸಿತೇ?"

"ಚಮಚಾನೂ ಕಾಣ್ತು ಅಮ್ಮಾವ್ರೇ, ಅದಕ್ಕೆ ಅಂಟಿದ್ದ ಸಕ್ಕರೇನೂ ಕಾಣ್ತು!"

ಅಧ್ಯಕ್ಷೆಯವರು ಇನ್ನೊಮ್ಮೆ ಬಗ್ಗಿದರು. ಹನ್ನೆರಡು ಅಡಿ ಕೆಳಗೆ ತಳಕ್ಕೆ ಹಾಸಿದ ಒಂದೊಂದು ಟೈಲ್ಸ್ ಬಿಲ್ಲೆಯ ಅಂಚೂ ಗೆರೆ ಎಳೆದಂತೆ ಕಾಣುತ್ತಿತ್ತು. ನೆಟ್ಟಗಾದರು.

"ಮೂರ್ತಿಗಳೇ, ಹಳೇ ಮೋಟಾರೇ ಇರಲಿ. ಕೆಂಪಾಜಮ್ಮನೂ ಇರಲಿ."

ಕೆಂಪಾಜಮ್ಮ ಕೈ ಮುಗಿದಳು. ಆಮೇಲೆ ಮಗನ ಕಿವಿ ಹಿಡಿದಳು.

"ಅಯ್ಯೋ ಪೆದ್ದುಮುಂಡೇದೇ! ಕೊಳದಲ್ಲಿ ಸಿಕ್ಕಿದ್ದನ್ನ ಜೇಬಿಗೆ ಹಾಕ್ಕೊಳ್ತಾರೇನೋ? ಎತ್ತಿ ಹಿಡಿದು, ಇದು ಯಾರದು, ಇದು ಯಾರದು ಅಂತ ಕೂಗಿ, ಅವರವರಿಗೆ ಒಪ್ಪಿಸ್ಬೇಕು!"

"ಆಗಲವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಹನ್ನೊಂದು ಗಂಟೆಗೆ ಕೊಳದ ಬಾಗಿಲು ತೆರೆಯಿತು. ವಾರದಿಂದ ಕಾದಿದ್ದ ಮಕ್ಕಳು ಧುಡುಂ ಧುಡುಂ ಅಂತ ಧುಮುಕಿದರು. ಚಿಕ್ಕೀರನೂ ಧುಮುಕಿದ. ಒಂದು ಮಗುವಿನ ರಟ್ಟೆ ಹಿಡಿದು ಮೇಲೆತ್ತಿದ.

"ಇದು ಯಾರದು?"

ದಡದಲ್ಲಿದ್ದ ತಾಯಿಗೆ ಒಪ್ಪಿಸಿದ. ಇನ್ನೊಂದನ್ನು ಎತ್ತಿದ. "ಇದು ಯಾರದು?" ಮತ್ತೊಂದನ್ನು ಎತ್ತಿದ. "ಇದು ಯಾರದು?" ಮಕ್ಕಳು ಕಿರುಚಿದವು, ತಾಯಂದಿರು ಕಿರುಚಿದರು. ಕೊನೆಗೆ ಎತ್ತಿದ್ದು ಸೆಕ್ರೆಟರಿಗಳ ಮೊಮ್ಮಗನನ್ನು, ಒಂದು ಕಾಲು ಹಿಡಿದು, ತಲೆಕೆಳಗಾಗಿ!

ವಾಸುದೇವಮೂರ್ತಿಗಳು ಕೆಂಡವಾದರು. ಚಿಕ್ಕೀರನತ್ತ ಬೆರಳು ಚಾಚಿ, ಕ್ಲಬ್ಬೆಲ್ಲ ನಡುಗುವ ಹಾಗೆ ಕೂಗಿದರು:

"ಮೊದಲು ಹೇಳ್ರಪ್ಪ, ಇದು ಯಾರದು?"

ಮೋಟಾರು ಮನೆಯಿಂದ ಗುಂಯ್ ಅನ್ನುವ ಸದ್ದೊಂದೇ. ಕೆಂಪಾಜಮ್ಮ ಸೆರಗು ಬಿಗಿದು, ತಲೆ ಎತ್ತಿ ಮುಂದೆ ಬಂದಳು.

"ನಂದು!" ಅಂದಳು.